ಸಾರ್ವಜನಿಕ ಸೇವಾ ಫೆಲೋಶಿಪ್‌ಗಳಿಗೆ ನ್ಯಾಯಸಮ್ಮತ ಆಯ್ಕೆ ಪ್ರಕ್ರಿಯೆ: ಅರ್ಜಿದಾರರ ಮಾಹಿತಿಗಾಗಿ

1. ಪೀಠಿಕೆ

ಸರ್ಕಾರದ ಇಲಾಖೆಗಳೊಡನೆ ನಿಗದಿತ ಅವಧಿಗೆ ಕಾರ್ಯ ನಿರ್ವಹಿಸಲು ಯುವ ಪದವೀಧರರನ್ನು ಸ್ಪರ್ಧೆಯ ಮೂಲಕ ಆರಿಸಿಕೊಳ್ಳುವ ಯೋಜನೆಗಳನ್ನು ಸಾಮಾನ್ಯವಾಗಿ ಸಾರ್ವಜನಿಕ ಸೇವಾ ಫೆಲೋಶಿಪ್ ಎಂದು ಕರೆಯಲಾಗುತ್ತದೆ. ಫೆಲೋಶಿಪ್ ಖಾಯಂ ಹುದ್ದೆಯಲ್ಲ. ಅವಧಿ ಮುಗಿದ ನಂತರ ಸರ್ಕಾರಿ ನೌಕರಿಗೆ ಹಕ್ಕು ಕೋರಲು ಅದು ಆಧಾರವಾಗುವುದಿಲ್ಲ. ಆದರೂ ಗೌರವಧನವು ಸಾರ್ವಜನಿಕ ಹಣದಿಂದ ಸಂದಾಯವಾಗುವುದರಿಂದ ಹಾಗೂ ಸ್ಥಾನಗಳ ಸಂಖ್ಯೆ ಅತ್ಯಲ್ಪವಾಗಿರುವುದರಿಂದ, ಸಂವಿಧಾನದ 14ನೆಯ ಅನುಚ್ಛೇದದ ಸಮಾನತೆಯ ತತ್ವ ಇಂತಹ ಆಯ್ಕೆಗೂ ಅನ್ವಯಿಸುತ್ತದೆ.

ಉದಾಹರಣೆಗೆ, ಕೇಂದ್ರ ಕೌಶಲ್ಯಾಭಿವೃದ್ಧಿ ಸಚಿವಾಲಯದ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್‌ನ ಮೊದಲ ಹಂತವು ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸಹಯೋಗದಲ್ಲಿ ಕರ್ನಾಟಕವೂ ಸೇರಿದಂತೆ 6 ರಾಜ್ಯಗಳ 69 ಜಿಲ್ಲೆಗಳಲ್ಲಿ ನಡೆಯಿತು. 69 ಜಿಲ್ಲೆಗಳಿಗೆ ಆಯ್ಕೆಯಾದವರು 69 ಮಂದಿ. ಅಂದರೆ ಜಿಲ್ಲೆಗೆ ಒಬ್ಬರು. ಇಂತಹ ಸ್ಪರ್ಧೆಯಲ್ಲಿ ಒಬ್ಬರಿಗೆ ಸಂತೋಷವಾದರೆ ಉಳಿದವರೆಲ್ಲರಿಗೂ ನಿರಾಶೆಯಾಗುವುದು ಸಹಜ. ಆದ್ದರಿಂದ ಆಯ್ಕೆಯಾದವರು ತೃಪ್ತರಾಗಿದ್ದಾರೆ ಎಂಬುದರಿಂದ ಆಯ್ಕೆಯ ನ್ಯಾಯಸಮ್ಮತತೆ ಸಿದ್ಧವಾಗುವುದಿಲ್ಲ. ಆಯ್ಕೆಯಾಗದ ಅರ್ಜಿದಾರರು "ನನಗೆ ಏಕೆ ದೊರೆಯಲಿಲ್ಲ?" ಎಂದು ಕೇಳಿದಾಗ ದಾಖಲೆಯ ಆಧಾರದಿಂದ ಉತ್ತರ ನೀಡಲು ಸಾಧ್ಯವಿದ್ದರೆ ಮಾತ್ರ ಆ ಆಯ್ಕೆ ನ್ಯಾಯಸಮ್ಮತವೆನಿಸುತ್ತದೆ.

ಆಯ್ಕೆಯ ಪ್ರತಿಯೊಂದು ಹಂತದಲ್ಲಿ ಪ್ರಾಧಿಕಾರವು ಪಾಲಿಸಬೇಕಾದ ಕ್ರಮ ಹಾಗೂ ಅರ್ಜಿದಾರರು ಪರಿಶೀಲಿಸಿಕೊಳ್ಳಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಫೆಲೋಶಿಪ್‌ಗಳ ಅನುಭವ ಇನ್ನೂ ಹೊಸದಾಗಿರುವುದರಿಂದ, ರಾಜ್ಯದ ನೇಮಕಾತಿ ಪರೀಕ್ಷೆಗಳಿಂದ ಹಾಗೂ ನ್ಯಾಯಾಲಯಗಳ ತೀರ್ಪುಗಳಿಂದ ನಿದರ್ಶನಗಳನ್ನು ಆಯ್ದುಕೊಳ್ಳಲಾಗಿದೆ.

2. ಹಿನ್ನೆಲೆ

ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಅಧಿಕಾರಿಗಳನ್ನು ಆರಿಸುವ ಪದ್ಧತಿ ಮೈಸೂರು ಸಂಸ್ಥಾನಕ್ಕೆ ಹೊಸದಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಾವಧಿಯಲ್ಲಿ ಆರಂಭವಾದ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯು ಹಲವು ದಶಕಗಳ ಕಾಲ ಸಂಸ್ಥಾನಕ್ಕೆ ಅಧಿಕಾರಿಗಳನ್ನು ಒದಗಿಸಿತು. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಈ ಪರೀಕ್ಷೆಯ ಮೂಲಕವೇ ಸೇವೆಗೆ ಸೇರಿ ಜಿಲ್ಲಾಧಿಕಾರಿಯ ದರ್ಜೆಗೆ ಏರಿದರು. ತಮಗಿಂತ ಕಿರಿಯ ಅಧಿಕಾರಿಗೆ ಮೇಲಿನ ಸ್ಥಾನ ದೊರೆತುದನ್ನು ಪ್ರತಿಭಟಿಸಿ ಅವರು 1943ರಲ್ಲಿ ರಾಜೀನಾಮೆ ಸಲ್ಲಿಸಿದರು. ಪ್ರವೇಶದ ದಾರಿ ಪರೀಕ್ಷೆಯಿಂದ ನಿರ್ಣಯವಾದರೂ, ಮುಂದಿನ ಆಯ್ಕೆಗೆ ಕಾರಣ ತಿಳಿಯದಿದ್ದಲ್ಲಿ ಅಸಮಾಧಾನ ಉಳಿಯುತ್ತದೆ ಎಂಬುದಕ್ಕೆ ಇದು ತಾಲ್ಲೂಕಿನವರಿಗೆ ಪರಿಚಿತವಾದ ನಿದರ್ಶನ.

ಪರೀಕ್ಷೆ ಒಂದರಿಂದಲೇ ಎಲ್ಲ ವರ್ಗದವರಿಗೂ ಅವಕಾಶ ದೊರೆಯುವುದಿಲ್ಲವೆಂಬ ಅರಿವೂ ಸಂಸ್ಥಾನದಲ್ಲಿ ಬೇಗನೆ ಮೂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳಿಗೆ ಸೂಕ್ತ ಪ್ರಾತಿನಿಧ್ಯ ನೀಡಬೇಕೆಂದು ಸಮಿತಿ 1919ರಲ್ಲಿ ವರದಿ ಸಲ್ಲಿಸಿತು. ಅರ್ಹತೆ ಮತ್ತು ಸಮಾನ ಅವಕಾಶ ಎರಡನ್ನೂ ಜೊತೆಯಾಗಿ ಪರಿಗಣಿಸುವ ಇಂದಿನ ಪದ್ಧತಿಗೆ ಇಲ್ಲಿ ಬೇರುಗಳಿವೆ. ಸ್ವಾತಂತ್ರ್ಯಾನಂತರ 1951ರಲ್ಲಿ ರಾಜ್ಯ ಲೋಕಸೇವಾ ಆಯೋಗ ಸ್ಥಾಪನೆಯಾಯಿತು.

3. ಅಧಿಸೂಚನೆ: ನಿಯಮ ಮೊದಲು, ಅರ್ಜಿ ನಂತರ

ಆಯ್ಕೆಯ ನ್ಯಾಯವು ಬಹುಮಟ್ಟಿಗೆ ಮೊದಲ ಅರ್ಜಿಯನ್ನು ತೆರೆಯುವ ಮುನ್ನವೇ ನಿರ್ಧಾರವಾಗುತ್ತದೆ. ಅರ್ಜಿದಾರರ ಹೆಸರುಗಳು ತಿಳಿದ ನಂತರ ರೂಪಿಸಿದ ಮಾನದಂಡವು ಎಷ್ಟೇ ಉತ್ತಮವಾಗಿದ್ದರೂ ಸಂಶಯಕ್ಕೆ ಆಸ್ಪದ ನೀಡುತ್ತದೆ. ಈ ಕಾರಣದಿಂದಲೇ, ಆಯ್ಕೆ ಪ್ರಕ್ರಿಯೆ ಆರಂಭವಾದ ಮೇಲೆ ಸಂದರ್ಶನದಲ್ಲಿ ಕನಿಷ್ಠ ಅಂಕದ ಹೊಸ ಷರತ್ತು ಸೇರಿಸಿದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2008ರ ಕೆ. ಮಂಜುಶ್ರೀ ಪ್ರಕರಣದಲ್ಲಿ ಒಪ್ಪಲಿಲ್ಲ. ನಿಯಮಗಳು ಅಥವಾ ಜಾಹೀರಾತು ಅವಕಾಶ ನೀಡಿದ್ದ ಹೊರತು, ಪ್ರಕ್ರಿಯೆಯ ನಡುವೆ ಅರ್ಹತಾ ಮಾನದಂಡಗಳನ್ನು ಬದಲಿಸುವಂತಿಲ್ಲವೆಂದು 2024ರ ನವೆಂಬರ್‌ನಲ್ಲಿ ತೇಜ್ ಪ್ರಕಾಶ್ ಪಾಠಕ್ ಪ್ರಕರಣದಲ್ಲಿ 5 ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಸ್ಪಷ್ಟಪಡಿಸಿದೆ.

ಅಧಿಸೂಚನೆಯಲ್ಲಿ ಕೆಳಕಂಡ ವಿವರಗಳು ಇರತಕ್ಕದ್ದು:

ಅ) ಸ್ಥಾನಗಳ ಸಂಖ್ಯೆ, ಅವಧಿ, ಮಾಸಿಕ ಗೌರವಧನ ಮತ್ತು ಕಾರ್ಯಕ್ಷೇತ್ರ.
ಆ) ವಯೋಮಿತಿ ಹಾಗೂ ವಿದ್ಯಾರ್ಹತೆ, ಮತ್ತು ಅವುಗಳನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕಲಾಗುವುದು ಎಂಬುದು.
ಇ) ಮೀಸಲಾತಿ ಅನ್ವಯಿಸುವುದೇ, ಅನ್ವಯಿಸಿದಲ್ಲಿ ವರ್ಗವಾರು ಸ್ಥಾನಗಳ ವಿವರ.
ಈ) ಪರೀಕ್ಷೆ, ಪ್ರಬಂಧ, ಸಂದರ್ಶನ – ಪ್ರತಿಯೊಂದು ಹಂತದ ಅಂಕಗಳು ಹಾಗೂ ಅಂತಿಮ ಪಟ್ಟಿಗೆ ಪರಿಗಣಿಸುವ ಪ್ರಮಾಣ.
ಉ) ಪ್ರತಿ ಹಂತದಿಂದ ಮುಂದಿನ ಹಂತಕ್ಕೆ ಎಷ್ಟು ಮಂದಿಯನ್ನು ಕರೆಯಲಾಗುವುದು ಎಂಬ ಅನುಪಾತ.
ಊ) ಇಬ್ಬರಿಗೆ ಸಮಾನ ಅಂಕ ಬಂದಲ್ಲಿ ಅನುಸರಿಸುವ ಕ್ರಮ ಮತ್ತು ಕಾಯ್ದಿರಿಸಿದ ಪಟ್ಟಿಯ ಅವಧಿ.
ಋ) ಆಕ್ಷೇಪಣೆ ಸಲ್ಲಿಸುವ ವಿಧಾನ ಹಾಗೂ ಕೊನೆಯ ದಿನಾಂಕ.

ಭಾಷೆಯ ಷರತ್ತನ್ನು ಅರ್ಜಿದಾರರು ವಿಶೇಷವಾಗಿ ಗಮನಿಸಬೇಕು. ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್‌ನಲ್ಲಿ ಕಾರ್ಯಕ್ಷೇತ್ರವಿರುವ ರಾಜ್ಯದ ಅಧಿಕೃತ ಭಾಷೆಯ ಪರಿಣತಿ ಕಡ್ಡಾಯವಾಗಿತ್ತು. ಕೋಲಾರ ಜಿಲ್ಲೆಯು ಆಂಧ್ರಪ್ರದೇಶ ಮತ್ತು ತಮಿಳುನಾಡಿಗೆ ಹೊಂದಿಕೊಂಡಿದ್ದು, ಮನೆಯಲ್ಲಿ ತೆಲುಗು ಅಥವಾ ತಮಿಳು ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿತವರು ಇಲ್ಲಿ ಬಹಳ ಮಂದಿ ಇದ್ದಾರೆ. ಪರಿಣತಿಯನ್ನು ಮಾತೃಭಾಷೆಯ ಘೋಷಣೆಯಿಂದ ಅಳೆಯದೆ, ಓದುವ, ಬರೆಯುವ ಹಾಗೂ ಗ್ರಾಮಸಭೆಯಲ್ಲಿ ಮಾತನಾಡುವ ಸಾಮರ್ಥ್ಯದಿಂದ ಅಳೆಯುವುದು ನ್ಯಾಯೋಚಿತ.

4. ಅರ್ಜಿ ಮತ್ತು ಪ್ರಮಾಣಪತ್ರಗಳು

ಅರ್ಹ ಅಭ್ಯರ್ಥಿಯು ಸ್ಪರ್ಧೆಗೆ ಮೊದಲೇ ಹೊರಗುಳಿಯುವುದು ಹೆಚ್ಚಾಗಿ ದಾಖಲೆಗಳ ಕೊರತೆಯಿಂದ. ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳಿಗೆ ಮಾಲೂರು ಕಸಬಾ, ಮಾಸ್ತಿ, ಲಕ್ಕೂರು, ಟೇಕಲ್ ಮುಂತಾದ ಹೋಬಳಿಗಳವರು ತಮ್ಮ ವ್ಯಾಪ್ತಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿ ಸ್ವೀಕರಿಸಿದ್ದಕ್ಕೆ ಸಕಾಲ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಆ ಸಂಖ್ಯೆಯೇ ಆಧಾರ.

ರಾಜ್ಯ ಸಿವಿಲ್ ಸೇವೆಗಳ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಹಾಗೂ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಸಮತಲ ಮೀಸಲಾತಿ ಇದೆ. 2021ರಲ್ಲಿ ತೃತೀಯ ಲಿಂಗಿಗಳಿಗೂ ಶೇ. 1ರಷ್ಟು ಸಮತಲ ಮೀಸಲಾತಿ ಕಲ್ಪಿಸಲಾಯಿತು. ಫೆಲೋಶಿಪ್‌ಗಳಿಗೆ ಇವು ತಾವಾಗಿಯೇ ಅನ್ವಯಿಸುವುದಿಲ್ಲ, ಅಧಿಸೂಚನೆಯಲ್ಲಿ ಉಲ್ಲೇಖವಿರಬೇಕು. ಗ್ರಾಮೀಣ ಮೀಸಲಾತಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸದ ಊರು ಗ್ರಾಮವಾಗಿದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ 1ರಿಂದ 10ನೆಯ ತರಗತಿಯವರೆಗೆ ವ್ಯಾಸಂಗ ಮಾಡಿದ ಶಾಲೆಯು ಗ್ರಾಮೀಣ ಪ್ರದೇಶದಲ್ಲಿ ಇರಬೇಕು. ಹಳ್ಳಿಯಲ್ಲಿ ವಾಸವಿದ್ದು ಮಾಲೂರು ಪಟ್ಟಣದ ಶಾಲೆಗೆ ಬಂದು ಹೋಗುತ್ತಿದ್ದವರು ಈ ಸೌಲಭ್ಯಕ್ಕೆ ಅರ್ಹರಾಗುವುದಿಲ್ಲ. ಪ್ರಮಾಣಪತ್ರಕ್ಕೆ ಶಾಲಾ ಮುಖ್ಯೋಪಾಧ್ಯಾಯರ ಸಹಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಅಗತ್ಯ. ಅಧಿಸೂಚನೆ ಹೊರಬಿದ್ದ ನಂತರ ಓಡಾಡುವುದಕ್ಕಿಂತ, ಮುಂಚಿತವಾಗಿಯೇ ಇವುಗಳನ್ನು ಪಡೆದಿಟ್ಟುಕೊಳ್ಳುವುದು ಲೇಸು.

ಅರ್ಜಿಯನ್ನು ತಿರಸ್ಕರಿಸಿದಲ್ಲಿ ಪ್ರಾಧಿಕಾರವು ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು. "ಅರ್ಜಿ ಅಪೂರ್ಣ" ಎಂಬ ಎರಡು ಪದಗಳು ಸಾಲವು. ಯಾವ ದಾಖಲೆ ಇಲ್ಲ, ಅದು ಅಧಿಸೂಚನೆಯ ಯಾವ ಕಂಡಿಕೆಯಡಿ ಅಗತ್ಯವಾಗಿತ್ತು ಎಂಬುದನ್ನು ನಮೂದಿಸಬೇಕು.

5. ಲಿಖಿತ ಪರೀಕ್ಷೆ ಮತ್ತು ಪ್ರಬಂಧ

5.1 ಪ್ರಶ್ನೆಪತ್ರಿಕೆಯ ಭಾಷೆ

ಒಂದೇ ಪ್ರಶ್ನೆಯನ್ನು ಎರಡು ಭಾಷೆಗಳಲ್ಲಿ ನೀಡಿದಾಗ ಎರಡೂ ಒಂದೇ ಅರ್ಥವನ್ನು ಕೊಡಬೇಕು. ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಭಾಷಾಂತರದ ದೋಷಗಳ ಬಗ್ಗೆ ವ್ಯಾಪಕ ದೂರುಗಳು ಬಂದವು. ರಾಜ್ಯ ಸರ್ಕಾರದ ಸೂಚನೆಯ ಮೇರೆಗೆ 2024ರ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಆ ಬಳಿಕವೂ ಆಕ್ಷೇಪಣೆಗಳು ನಿಲ್ಲಲಿಲ್ಲ. ಕನ್ನಡದಲ್ಲಿ ಓದಿದ ಅಭ್ಯರ್ಥಿಯು ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಪಾಠವನ್ನು ಹುಡುಕಬೇಕಾದರೆ ಆತನ ಸಮಯವೂ ಅಂಕವೂ ನಷ್ಟವಾಗುತ್ತದೆ; ಆ ನಷ್ಟ ಅಂಕಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಪ್ರಶ್ನೆಗಳನ್ನು ಸಾಧ್ಯವಿದ್ದಷ್ಟು ಕನ್ನಡದಲ್ಲಿಯೇ ರಚಿಸಿ, ವಿಷಯ ಬಲ್ಲವರಿಂದ ಎರಡೂ ಪಾಠಗಳನ್ನು ಹೋಲಿಸಿ ನೋಡುವುದು ಸೂಕ್ತ ಕ್ರಮ.

5.2 ಉತ್ತರ ಪತ್ರಿಕೆಗಳ ಭದ್ರತೆ

545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಓಎಂಆರ್ ಉತ್ತರ ಪತ್ರಿಕೆಗಳನ್ನು ತಿದ್ದಿದ ಆರೋಪ ಕೇಳಿಬಂದು, ಸಿಐಡಿ ತನಿಖೆ ನಡೆಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಮರುಪರೀಕ್ಷೆಯನ್ನು ಪ್ರಕಟಿಸಿತು. ಆ ತೀರ್ಮಾನವನ್ನು ಉಚ್ಚ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಎತ್ತಿಹಿಡಿಯಿತು. 2024ರ ಜನವರಿ 23ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಮರುಪರೀಕ್ಷೆ ನಡೆಸಿತು. ಮೊದಲ ಪರೀಕ್ಷೆಗೂ ಮರುಪರೀಕ್ಷೆಗೂ ನಡುವೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಪ್ರಾಮಾಣಿಕವಾಗಿ ಬರೆದವರೂ ಮತ್ತೆ ಬರೆಯಬೇಕಾಯಿತು. ಇಂತಹ ಅಕ್ರಮಗಳನ್ನು ತಡೆಯಲು ರಾಜ್ಯದಲ್ಲಿ 2023ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ಜಾರಿಗೆ ತರಲಾಯಿತು.

ಭದ್ರತೆಯ ಮೂಲ ಕ್ರಮ ಲೆಕ್ಕ ತಾಳೆ ನೋಡುವುದು. ಕೇಂದ್ರಕ್ಕೆ 480 ಪ್ರಶ್ನೆಪತ್ರಿಕೆಗಳು ಬಂದು 412 ವಿತರಣೆಯಾಗಿದ್ದರೆ, ಉಳಿದವು 68 ಇರಬೇಕು. ಹಾಜರಿ ಪುಸ್ತಕದಲ್ಲಿ 412 ಸಹಿಗಳಿರಬೇಕು. ಮೊಹರು ಮಾಡಿದ ಲಕೋಟೆಯಲ್ಲಿ 412 ಉತ್ತರ ಪತ್ರಿಕೆಗಳಿರಬೇಕು. ಒಂದು ಪತ್ರಿಕೆಯ ವ್ಯತ್ಯಾಸವಿದ್ದರೂ ಅಂದೇ, ಅಲ್ಲಿಯೇ ಕಾರಣ ಬರೆದು ಸಹಿ ಮಾಡಬೇಕು. ಅಭ್ಯರ್ಥಿಗೆ ಓಎಂಆರ್ ಪ್ರತಿಯನ್ನು ನೀಡುವ ಪದ್ಧತಿಯಿದ್ದಲ್ಲಿ ಆ ಪ್ರತಿಯನ್ನು ಅಂತಿಮ ಪಟ್ಟಿ ಪ್ರಕಟವಾಗುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಉತ್ತರಿಸದೆ ಬಿಟ್ಟ ಪ್ರಶ್ನೆಗಳ ಸಂಖ್ಯೆಯನ್ನು ಅಂದೇ ಬರೆದಿಟ್ಟುಕೊಳ್ಳುವುದೂ ಉಪಯುಕ್ತ.

5.3 ಪ್ರಬಂಧಗಳ ಮೌಲ್ಯಮಾಪನ

ಫೆಲೋಶಿಪ್‌ಗಳಲ್ಲಿ ಉದ್ದೇಶ ವಿವರಣೆ ಅಥವಾ ಪ್ರಬಂಧವನ್ನು ಕೇಳುವುದು ವಾಡಿಕೆ. ಹೆಸರು, ಊರು ಹಾಗೂ ಕಾಲೇಜಿನ ವಿವರಗಳನ್ನು ಮರೆಮಾಡಿ ಸಂಕೇತ ಸಂಖ್ಯೆ ನೀಡಿದ ನಂತರವೇ ಅವುಗಳನ್ನು ಮೌಲ್ಯಮಾಪಕರಿಗೆ ಕಳುಹಿಸಬೇಕು. ಇಬ್ಬರು ಪ್ರತ್ಯೇಕವಾಗಿ ಅಂಕ ನೀಡಿ, ಇಬ್ಬರ ನಡುವಿನ ಅಂತರ ಮೊದಲೇ ಗೊತ್ತುಪಡಿಸಿದ ಮಿತಿಯನ್ನು ಮೀರಿದಲ್ಲಿ ಮೂರನೆಯವರಿಗೆ ಕಳುಹಿಸುವುದು ಉತ್ತಮ ಕ್ರಮ. ಕನ್ನಡದ ಪ್ರಬಂಧವನ್ನು ಕನ್ನಡ ಚೆನ್ನಾಗಿ ಓದಬಲ್ಲವರೇ ಪರಿಶೀಲಿಸಬೇಕು.

6. ಸಂದರ್ಶನ

ಅತಿ ಹೆಚ್ಚು ಆಕ್ಷೇಪಣೆಗಳು ಬರುವುದು ಈ ಹಂತದಲ್ಲಿ. ಲಿಖಿತ ಪರೀಕ್ಷೆಯಲ್ಲಿ ಉತ್ತರವೇ ದಾಖಲೆಯಾಗಿ ಉಳಿಯುತ್ತದೆ. ಸಂದರ್ಶನದಲ್ಲಿ ಹಲವು ವೇಳೆ ಅಂಕ ಮಾತ್ರ ಉಳಿಯುತ್ತದೆ.

ಸಂದರ್ಶನವೇ ಅಕ್ರಮವೆಂದು ಹೇಳಲಾಗದು. ಮೈಸೂರು ರಾಜ್ಯದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶದಲ್ಲಿ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಮೀಸಲಿಟ್ಟಿದ್ದ ಆದೇಶವನ್ನು ಆರ್. ಚಿತ್ರಲೇಖಾ ಪ್ರಕರಣದಲ್ಲಿ ಪ್ರಶ್ನಿಸಲಾಗಿತ್ತು. ಸಂದರ್ಶನದ ಮೂಲಕ ಆಯ್ಕೆ ಮಾಡುವುದು ತನ್ನಷ್ಟಕ್ಕೆ ಸ್ವೇಚ್ಛಾಚಾರವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ತೀರ್ಪು ನೀಡಿತು. ಆದರೆ ಪ್ರಮಾಣ ಮುಖ್ಯ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ ಒಟ್ಟು ಅಂಕಗಳ ಮೂರನೆಯ ಒಂದು ಭಾಗವನ್ನು ಸಂದರ್ಶನಕ್ಕೆ ಇಟ್ಟು, ಪ್ರತಿಯೊಬ್ಬರನ್ನು ಎರಡು ಮೂರು ನಿಮಿಷ ಮಾತ್ರ ಮಾತನಾಡಿಸಿದ ಪದ್ಧತಿಯನ್ನು ಅಜಯ್ ಹಾಸಿಯಾ ಪ್ರಕರಣದಲ್ಲಿ ನ್ಯಾಯಾಲಯ ಖಂಡಿಸಿತು. ಅಂತಹ ಪ್ರವೇಶಗಳಲ್ಲಿ ಸಂದರ್ಶನದ ಪಾಲು ಶೇ. 15ನ್ನು ಮೀರಬಾರದೆಂದು ಹೇಳಿ, ಸಂದರ್ಶನವನ್ನು ಧ್ವನಿಮುದ್ರಿಸುವುದು ಅಪೇಕ್ಷಣೀಯವೆಂದೂ ಸೂಚಿಸಿತು. 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಸಿವಿಲ್ ಸೇವೆಗಳ ಆಯ್ಕೆಗೆ ಶೇ. 12.2ರ ಮಿತಿಯನ್ನು ಮುಂದಿಡಲಾಯಿತು. ಮಂಡಳಿಯ ಸದಸ್ಯರ ಹತ್ತಿರದ ಸಂಬಂಧಿಕರು ಅಭ್ಯರ್ಥಿಯಾಗಿದ್ದಲ್ಲಿ ಆ ಸದಸ್ಯರು ಅವರ ಸಂದರ್ಶನದಿಂದ ಹೊರಗುಳಿಯಬೇಕೆಂಬ ತತ್ವವನ್ನೂ ಅದೇ ತೀರ್ಪು ದೃಢಪಡಿಸಿತು.

ಪ್ರಮಾಣದ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ರಾಜ್ಯದ ಗೆಜೆಟೆಡ್ ಪ್ರೊಬೇಷನರ್ ಆಯ್ಕೆಯಲ್ಲಿ ಹಿಂದೆ ಮುಖ್ಯ ಪರೀಕ್ಷೆಗೆ 1750, ಸಂದರ್ಶನಕ್ಕೆ 200 ಅಂಕಗಳಿದ್ದವು. 384 ಹುದ್ದೆಗಳ ಅಧಿಸೂಚನೆಯ ವೇಳೆಗೆ ಮುಖ್ಯ ಪರೀಕ್ಷೆಗೆ 1250, ವ್ಯಕ್ತಿತ್ವ ಪರೀಕ್ಷೆಗೆ 25 ಅಂಕಗಳೆಂದು ನಿಗದಿಯಾಗಿತ್ತು. ಅಂದರೆ ಸಂದರ್ಶನದ ಪಾಲು ಸುಮಾರು ಶೇ. 10ರಿಂದ ಶೇ. 2ಕ್ಕೆ ಇಳಿಯಿತು. ಲಿಖಿತ ಪರೀಕ್ಷೆಯಲ್ಲಿ ಮೊದಲ ಅಭ್ಯರ್ಥಿಗೆ 1000, ಎರಡನೆಯವರಿಗೆ 940 ಅಂಕಗಳು ಬಂದಿವೆಯೆಂದು ಭಾವಿಸೋಣ. 200 ಅಂಕಗಳ ಸಂದರ್ಶನದಲ್ಲಿ ಮೊದಲನೆಯವರಿಗೆ 90, ಎರಡನೆಯವರಿಗೆ 160 ನೀಡಿದರೆ ಒಟ್ಟು 1090 ಮತ್ತು 1100 ಆಗಿ ಸ್ಥಾನ ಅದಲುಬದಲಾಗುತ್ತದೆ. 25 ಅಂಕಗಳ ಸಂದರ್ಶನದಲ್ಲಿ 60 ಅಂಕಗಳ ಮುನ್ನಡೆಯನ್ನು ಯಾವ ಮಂಡಳಿಯೂ ಅಳಿಸಲಾರದು.

ಸಂದರ್ಶನದ ಅಂಕಗಳ ಬಗೆಗಿನ ಸಂಶಯ ಎಷ್ಟು ಕಾಲ ಬಾಧಿಸಬಹುದು ಎಂಬುದಕ್ಕೆ 2011ರ ಸಾಲಿನ 362 ಹುದ್ದೆಗಳ ಆಯ್ಕೆ ಸಾಕ್ಷಿಯಾಗಿದೆ. ಅಕ್ರಮದ ದೂರುಗಳ ಮೇಲೆ ಸಿಐಡಿ ತನಿಖೆ ನಡೆದು, 2014ರಲ್ಲಿ ಸರ್ಕಾರ ಆಯ್ಕೆಯನ್ನು ಹಿಂಪಡೆಯಿತು. ನ್ಯಾಯಮಂಡಳಿ ಹಾಗೂ ನ್ಯಾಯಾಲಯಗಳಲ್ಲಿ ವ್ಯಾಜ್ಯ ನಡೆದ ನಂತರ, 2022ರಲ್ಲಿ ವಿಧಾನಮಂಡಲವು ಕಾಯ್ದೆಯ ಮೂಲಕ ಆ ಆಯ್ಕೆಯನ್ನು ಸಿಂಧುಗೊಳಿಸಿತು. ಅಧಿಸೂಚನೆಯಿಂದ ಇತ್ಯರ್ಥದವರೆಗೆ ಒಂದು ದಶಕವೇ ಕಳೆಯಿತು. ಈ ನಡುವೆ ಆಯೋಗದ ಕಾರ್ಯವಿಧಾನದ ಸುಧಾರಣೆಗಾಗಿ 2013ರಲ್ಲಿ ಪಿ.ಸಿ. ಹೋಟಾ ಸಮಿತಿಯನ್ನು ರಚಿಸಲಾಗಿತ್ತು.

ಫೆಲೋಶಿಪ್‌ಗಳಲ್ಲಿ ಜನರೊಡನೆ ಬೆರೆಯುವ ಗುಣ, ಹಳ್ಳಿಗಳಲ್ಲಿ ಓಡಾಡುವ ಸಿದ್ಧತೆ ಇವು ಮುಖ್ಯವಾದುದರಿಂದ ಸಂದರ್ಶನಕ್ಕೆ ಹೆಚ್ಚಿನ ಪಾಲು ನೀಡುವ ಸಂದರ್ಭಗಳಿವೆ. ಪಾಲು ಹೆಚ್ಚಿದಷ್ಟೂ ದಾಖಲೆಯ ಹೊಣೆಯೂ ಹೆಚ್ಚುತ್ತದೆ. ಅಂತಹ ಸಂದರ್ಭದಲ್ಲಿ:

ಅ) ಯಾವ ಗುಣಕ್ಕೆ ಎಷ್ಟು ಅಂಕ ಎಂಬುದನ್ನು ಮುದ್ರಿತ ನಮೂನೆಯಲ್ಲಿ ಮೊದಲೇ ಗೊತ್ತುಪಡಿಸಬೇಕು.
ಆ) ಪ್ರತಿ ಸದಸ್ಯರು ಚರ್ಚೆಗೆ ಮುನ್ನ ಪ್ರತ್ಯೇಕವಾಗಿ ಅಂಕ ಬರೆದು ಸಹಿ ಮಾಡಬೇಕು, ತಿದ್ದುಪಡಿಗೆ ಕಾರಣ ಮತ್ತು ಸಹಿ ಇರಬೇಕು.
ಇ) ಒಂದಕ್ಕಿಂತ ಹೆಚ್ಚು ಮಂಡಳಿಗಳಿದ್ದಲ್ಲಿ ಅಭ್ಯರ್ಥಿಗಳನ್ನು ಅಂದಿನ ಬೆಳಿಗ್ಗೆ ಚೀಟಿ ಎತ್ತುವ ಮೂಲಕ ಹಂಚಬೇಕು.
ಈ) ಲಿಖಿತ ಅಂಕಗಳನ್ನು ಮಂಡಳಿಗೆ ತಿಳಿಸಬಾರದು.
ಉ) ಅಭ್ಯರ್ಥಿಯು ಕನ್ನಡದಲ್ಲಿ ಉತ್ತರಿಸಲು ಇಚ್ಛಿಸಿದಲ್ಲಿ ಅವಕಾಶವಿರಬೇಕು.

7. ಫಲಿತಾಂಶ ಪ್ರಕಟಣೆ

ಅಂತಿಮ ಪಟ್ಟಿಗೆ ಮುನ್ನ ತಾತ್ಕಾಲಿಕ ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆಗಳಿಗೆ ಕಾಲಾವಕಾಶ ನೀಡತಕ್ಕದ್ದು. ಪಟ್ಟಿಯಲ್ಲಿ ಆಯ್ಕೆಯಾದವರ ಕ್ರಮಸಂಖ್ಯೆ, ಹಂತವಾರು ಅಂಕಗಳು ಮತ್ತು ಪ್ರತಿ ವರ್ಗದ ಕಟ್ ಆಫ್ ಅಂಕ ಇರಬೇಕು. ಆಯ್ಕೆಯಾಗದವರಿಗೆ ಅವರ ಸ್ವಂತ ಅಂಕಗಳನ್ನು ತಿಳಿಯುವ ವ್ಯವಸ್ಥೆಯಿರಬೇಕು. ಆಕ್ಷೇಪಣೆಗಳನ್ನು ಅಂಗೀಕರಿಸಿದ್ದರೂ ತಿರಸ್ಕರಿಸಿದ್ದರೂ ಕಾರಣಸಹಿತ ಉತ್ತರ ನೀಡಬೇಕು. ಆಯ್ಕೆಯಾದವರು ಸೇರದಿದ್ದಲ್ಲಿ ಕಾಯ್ದಿರಿಸಿದ ಪಟ್ಟಿಯ ಕ್ರಮದಲ್ಲಿಯೇ ಮುಂದಿನವರನ್ನು ಕರೆಯಬೇಕು.

8. ಅರ್ಜಿದಾರರಿಗೆ ಇರುವ ಪರಿಹಾರ ಮಾರ್ಗಗಳು

8.1 ಮಾಹಿತಿ ಹಕ್ಕು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲನೆಯ ಮೇಲ್ಮನವಿ, ಅನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು. ಕೇಂದ್ರ ಸರ್ಕಾರದ ಯೋಜನೆಗಳಿಗೆ ಎರಡನೆಯ ಮೇಲ್ಮನವಿ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗುತ್ತದೆ.

ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯ 2011ರ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ತೀರ್ಪು ನೀಡಿತು. ಮೌಲ್ಯಮಾಪಕರ ಹೆಸರನ್ನು ಮಾತ್ರ ಬಹಿರಂಗಪಡಿಸಬೇಕಾಗಿಲ್ಲ. ಆದರೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಸಂಬಂಧಿಸಿದ 2018ರ ಅಂಗೇಶ್ ಕುಮಾರ್ ಪ್ರಕರಣದಲ್ಲಿ, ಪಾರದರ್ಶಕತೆಯ ಅಗತ್ಯವನ್ನು ಪರೀಕ್ಷಾ ವ್ಯವಸ್ಥೆಯ ಹಿತದೊಡನೆ ತೂಗಿ ನೋಡಬೇಕೆಂದು ನ್ಯಾಯಾಲಯ ಹೇಳಿದೆ. ಆದಕಾರಣ "ಎಲ್ಲ ಕಡತಗಳನ್ನು ನೀಡಿ" ಎಂದು ಕೇಳುವುದಕ್ಕಿಂತ, ತನ್ನ ಉತ್ತರ ಪತ್ರಿಕೆ, ತನ್ನ ಹಂತವಾರು ಅಂಕಗಳು ಹಾಗೂ ಅಂಕ ಹಂಚಿಕೆಯ ನಮೂನೆಯನ್ನು ನಿರ್ದಿಷ್ಟವಾಗಿ ಕೇಳುವುದು ಫಲಕಾರಿ.

8.2 ನ್ಯಾಯಮಂಡಳಿ ಮತ್ತು ಉಚ್ಚ ನ್ಯಾಯಾಲಯ. ರಾಜ್ಯದ ಸಿವಿಲ್ ಹುದ್ದೆಗಳ ನೇಮಕಾತಿಯ ವಿವಾದಗಳನ್ನು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಮುಂದೆ ತರಬೇಕು. ಸಿವಿಲ್ ಹುದ್ದೆಯಲ್ಲದ ಫೆಲೋಶಿಪ್‌ನ ವಿಷಯದಲ್ಲಿ ಸಂವಿಧಾನದ 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸುವ ಮಾರ್ಗವಿದೆ. ವಿಳಂಬವಾದಷ್ಟೂ ಪರಿಹಾರ ದೊರೆಯುವ ಸಾಧ್ಯತೆ ಕುಗ್ಗುತ್ತದೆ. ಆಯ್ಕೆಯ ನಿಯಮದ ಬಗ್ಗೆಯೇ ಆಕ್ಷೇಪವಿದ್ದಲ್ಲಿ ಫಲಿತಾಂಶದವರೆಗೆ ಕಾಯದೆ ಅಧಿಸೂಚನೆಯ ಹಂತದಲ್ಲಿಯೇ ಎತ್ತುವುದು ಒಳಿತು. ಭಾಗವಹಿಸಿ ಅನುತ್ತೀರ್ಣರಾದ ಮೇಲೆ ನಿಯಮವನ್ನು ಪ್ರಶ್ನಿಸುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪುರಸ್ಕರಿಸುವುದಿಲ್ಲ.

9. ಎಚ್ಚರಿಕೆ

ಹಣ ನೀಡಿದರೆ ಸ್ಥಾನ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ಅರ್ಜಿದಾರರು ಹಾಗೂ ಪೋಷಕರು ನಂಬಬಾರದು. ಅಂತಹವರು ಹಲವರಿಂದ ಹಣ ಪಡೆದಿರುತ್ತಾರೆ. ತಮ್ಮ ಸ್ವಂತ ಪ್ರಯತ್ನದಿಂದ ಆಯ್ಕೆಯಾದ ಅಭ್ಯರ್ಥಿಯ ಹಣವನ್ನು ಇಟ್ಟುಕೊಂಡು, ಉಳಿದವರಿಗೆ ನೆಪ ಹೇಳುತ್ತಾರೆ. ಜಮೀನು ಅಡವಿಟ್ಟು ಹಣ ಹೊಂದಿಸಿದ ಕುಟುಂಬಕ್ಕೆ ಹಣವೂ ಇಲ್ಲ, ಸ್ಥಾನವೂ ಇಲ್ಲದಂತಾಗುತ್ತದೆ. ಹಣ ನೀಡುವುದೂ ಅಪರಾಧವೆಂಬುದನ್ನು ಮರೆಯಬಾರದು. ಬೇಡಿಕೆ ಬಂದ ಕೂಡಲೇ ಪೊಲೀಸ್ ಠಾಣೆಗೆ, ಸರ್ಕಾರಿ ನೌಕರರು ಒಳಗೊಂಡಿದ್ದಲ್ಲಿ ಲೋಕಾಯುಕ್ತಕ್ಕೆ ದೂರು ನೀಡಬೇಕು.

10. ಅರ್ಜಿದಾರರ ಜ್ಞಾಪಕಕ್ಕೆ

ಅ) ಅಧಿಸೂಚನೆಯ ಪೂರ್ಣ ಪ್ರತಿ ಹಾಗೂ ತಿದ್ದುಪಡಿಗಳನ್ನು ಇಟ್ಟುಕೊಳ್ಳಿ. ಪತ್ರಿಕೆಯಲ್ಲಿ ಬಂದ ಸಾರಾಂಶ ಸಾಲದು.
ಆ) ಪ್ರಮಾಣಪತ್ರಗಳಲ್ಲಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದಿಗೆ ಹೊಂದಿಕೆಯಾಗಿದೆಯೇ ಎಂದು ನೋಡಿಕೊಳ್ಳಿ.
ಇ) ಸಲ್ಲಿಸಿದ ಅರ್ಜಿಯ ಪ್ರತಿ, ಶುಲ್ಕ ರಸೀದಿ, ಪ್ರವೇಶಪತ್ರ, ಉತ್ತರ ಪತ್ರಿಕೆಯ ಪ್ರತಿ ಇವುಗಳನ್ನು ಒಂದೇ ಕಡತದಲ್ಲಿ ಇಡಿ.
ಈ) ಆಕ್ಷೇಪಣೆಯನ್ನು ಕೊನೆಯ ದಿನಕ್ಕೆ ಮುನ್ನ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.
ಉ) ಆಯ್ಕೆಯಾಗದಿದ್ದಲ್ಲಿಯೂ ನಿಮ್ಮ ಅಂಕಗಳನ್ನು ಪಡೆಯಿರಿ. ಮುಂದಿನ ಪ್ರಯತ್ನದಲ್ಲಿ ಎಲ್ಲಿ ಸುಧಾರಿಸಬೇಕೆಂಬುದನ್ನು ಅವು ತಿಳಿಸುತ್ತವೆ; ತಪ್ಪು ನಡೆದಿದ್ದರೆ ಅದನ್ನೂ ತೋರಿಸುತ್ತವೆ.

ಗಮನಿಸಿ: ಈ ಪುಟವು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಪ್ರತಿಯೊಂದು ಆಯ್ಕೆಗೂ ಆಯಾ ಅಧಿಸೂಚನೆ ಹಾಗೂ ನಿಯಮಗಳೇ ಅಂತಿಮ.